ಬೈಪಾಸ್ ಬಿಟ್ಟು ಇಳಿದರೆ ರಾಮನಗರ

ಬೆಂಗಳೂರಿನಿಂದ ಮೈಸೂರಿಗೆ ಹೊರಟ ಕಾರುಗಳು ಈಗ ರಾಮನಗರದ ಮುಖವನ್ನೇ ನೋಡುವುದಿಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ಹೀಗೆ ಒಂದೊಂದೇ ಊರನ್ನು ಪಕ್ಕಕ್ಕೆ ಸರಿಸಿ ಸಾಗುತ್ತದೆ. ಎತ್ತರದ ರಸ್ತೆಯಿಂದ ಒಂದಷ್ಟು ಬಂಡೆ ಬೆಟ್ಟಗಳು ಕಾಣುತ್ತವೆ. ಹಿಂದಿನ ಸೀಟಿನಲ್ಲಿ ಕೂತ ಮಗು ‘ಅದೇನಪ್ಪಾ’ ಎಂದು ಕೇಳುವಷ್ಟರಲ್ಲಿ ಅವೂ ಹಿಂದೆ ಸರಿದಿರುತ್ತವೆ. ಮೊದಲಾದರೆ ಬೊಂಬೆ ಅಂಗಡಿ ಮುಂದೆ ಮಕ್ಕಳು ಹಟ ಹಿಡಿದು ಕಾರು ನಿಲ್ಲಿಸುತ್ತಿದ್ದವು, ಜಾನಪದ ಲೋಕದ ಎದುರು ಕಾಫಿಗೆಂದು ಇಳಿದವರು ಒಳಗೂ ಒಂದು ಸುತ್ತು ಹಾಕಿ ಬರುತ್ತಿದ್ದರು. ಈಗ ಆ ದಾರಿಯೇ ಬೇರೆ, ಈ ದಾರಿಯೇ ಬೇರೆ. ರಾಮನಗರ ನೋಡಬೇಕೆಂದರೆ ರಾಮನಗರಕ್ಕೆಂದೇ ಹೊರಡಬೇಕು.

ಹಾಗೆ ಹೊರಟರೆ ಒಂದು ಇಡೀ ದಿನಕ್ಕೆ ಸಾಕಾಗುವಷ್ಟು ಸರಕು ಇಲ್ಲಿದೆ. ಬೆಂಗಳೂರಿನಿಂದ ಸುಮಾರು 50 ಕಿ.ಮೀ. ಅರ್ಕಾವತಿ ದಂಡೆಯ ಈ ಊರು ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್ ಆಗಿತ್ತು, ಬ್ರಿಟಿಷರು ಬಂದ ಮೇಲೆ ಬ್ಯಾರಿ ಕ್ಲೋಸ್ ಎಂಬ ಅಧಿಕಾರಿಯ ಹೆಸರಿನಲ್ಲಿ ಕ್ಲೋಸ್‌ಪೇಟೆಯಾಯಿತು, ಸ್ವಾತಂತ್ರ್ಯಾನಂತರ ರಾಮನಗರ. 2007ರಲ್ಲಿ ಜಿಲ್ಲಾ ಕೇಂದ್ರವಾಯಿತು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸರ್ಕಾರ ತೀರ್ಮಾನಿಸಿದ್ದರಿಂದ ಫಲಕಗಳನ್ನು ಕಂಡು ಗೊಂದಲವಾದೀತು. ಊರಿನ ಹೆಸರು ಮಾತ್ರ ರಾಮನಗರವೇ.

ಮಕ್ಕಳು, ಮೊಮ್ಮಕ್ಕಳು, ಅಜ್ಜಿ ತಾತ ಎಲ್ಲರನ್ನೂ ಕರೆದುಕೊಂಡು ಹೋಗುವವರಿಗೆ ನನ್ನ ಸಲಹೆ ಇಷ್ಟೆ: ಬೆಳಿಗ್ಗೆ ಬೆಟ್ಟ, ಬಿಸಿಲೇರಿದ ಮೇಲೆ ಜಾನಪದ ಲೋಕ, ಇಳಿಹೊತ್ತಿಗೆ ಚನ್ನಪಟ್ಟಣದ ಬೊಂಬೆ. ಈ ಮೂರನ್ನು ನಿಧಾನವಾಗಿ ನೋಡಿ. ನಡುವೆ ಪುರಸೊತ್ತಿದ್ದರೆ ರೇಷ್ಮೆ ಗೂಡಿನ ಮಾರುಕಟ್ಟೆ. ‘ಹೇಗೂ ಅಷ್ಟು ದೂರ ಹೋಗ್ತೀವಲ್ಲ’ ಎಂದು ಸಾವನದುರ್ಗ, ಮಂಚನಬೆಲೆ, ಕಣ್ವ, ನಾಲ್ಕು ದೇವಸ್ಥಾನ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದರೆ ಮಕ್ಕಳಿಗೆ ನೆನಪಿರುವುದು ಕಾರಿನ ಸೀಟು ಮಾತ್ರ.

ಹೋಗುವ ದಾರಿ

ಮಕ್ಕಳಿರುವ ಮನೆಯವರಿಗೆ ರೈಲೇ ವಾಸಿ ಎನ್ನುವವನು ನಾನು. ಬೆಂಗಳೂರು-ಮೈಸೂರು ಜೋಡಿ ಹಳಿಯಲ್ಲಿ ಮೆಮು ಮತ್ತು ಪ್ಯಾಸೆಂಜರ್ ರೈಲುಗಳು ಕೆಂಗೇರಿ, ಹೆಜ್ಜಾಲ, ಬಿಡದಿ ದಾಟಿ ರಾಮನಗರದಲ್ಲೂ ಚನ್ನಪಟ್ಟಣದಲ್ಲೂ ನಿಲ್ಲುತ್ತವೆ. ಬಿಡದಿ ಕಳೆದ ಮೇಲೆ ಕಿಟಕಿಯಾಚೆ ಒಂದೊಂದೇ ಬಂಡೆ ತಲೆ ಎತ್ತುವುದನ್ನು ನೋಡುವುದೇ ಮಕ್ಕಳಿಗೆ ಅರ್ಧ ಪ್ರವಾಸ. ರಾಮನಗರದಲ್ಲಿ ಇಳಿದು ಆಟೋ ಗೊತ್ತು ಮಾಡಿಕೊಳ್ಳಿ. ಬೆಟ್ಟಕ್ಕೆ ಹೋಗಿ, ಅಲ್ಲಿ ಕಾದು, ವಾಪಸು ಕರೆತಂದು ಜಾನಪದ ಲೋಕಕ್ಕೆ ಬಿಡುವುದು ಎಂದು ಹತ್ತುವ ಮೊದಲೇ ಪೂರ್ತಿ ಮಾತಾಡಿಕೊಳ್ಳಿ. ಬೆಟ್ಟದ ಬುಡದಲ್ಲಿ ಖಾಲಿ ಆಟೋ ಸಿಗುವ ಭರವಸೆ ಇಲ್ಲ.

ಬಸ್ಸಿನಲ್ಲಾದರೆ ಮೈಸೂರು ಕಡೆಯ ಎಲ್ಲ ಬಸ್ಸುಗಳೂ ಊರೊಳಗೆ ಬರುವುದಿಲ್ಲ. ತಡೆರಹಿತ ಬಸ್ಸುಗಳು ಬೈಪಾಸಿನಲ್ಲೇ ಹೋಗಿಬಿಡುತ್ತವೆ. ಹತ್ತುವ ಮುನ್ನ ‘ರಾಮನಗರದೊಳಗೆ ಹೋಗುತ್ತಾ’ ಎಂದು ಕಂಡಕ್ಟರನ್ನು ಕೇಳಿ. ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಖರ್ಚಿಲ್ಲ. ಆಧಾರ್ ಕಾರ್ಡು ಮರೆಯಬೇಡಿ.

ಸ್ವಂತ ಕಾರಿನವರು ಬಿಡದಿಯಲ್ಲೇ ಹಳೇ ರಸ್ತೆಗೆ ಇಳಿದುಬಿಡುವುದು ಒಳ್ಳೆಯದು. ರಾಮನಗರದ ತಿರುವು ತಪ್ಪಿತೋ, ಬಹುದೂರ ಹೋಗಿ ತಿರುಗಿ ಬರಬೇಕಾಗುತ್ತದೆ. ಸ್ಕೂಟರು, ಬೈಕು, ಆಟೋಗಳಿಗಂತೂ 2023ರ ಆಗಸ್ಟ್‌ನಿಂದ ದಶಪಥದ ಮುಖ್ಯ ರಸ್ತೆಗೆ ಪ್ರವೇಶವೇ ಇಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು. ಬಿಡದಿಯಲ್ಲಿ ಇಳಿಯುವುದಕ್ಕೆ ಇನ್ನೊಂದು ಕಾರಣವೂ ಉಂಟು, ತಟ್ಟೆ ಇಡ್ಲಿ. ಅಗಲ ತಟ್ಟೆಯಲ್ಲಿ ಬೇಯಿಸಿದ ಮೆತ್ತನೆಯ ಇಡ್ಲಿ, ಮೇಲೊಂದು ಬೆಣ್ಣೆ ಮುದ್ದೆ, ಪಕ್ಕದಲ್ಲಿ ಚಟ್ನಿ. ಮನೆಯಲ್ಲಿ ಇಡ್ಲಿ ಎಂದರೆ ಮೂಗು ಮುರಿಯುವ ಮಗುವೂ ಇಲ್ಲಿ ಎರಡನೆಯದನ್ನು ಕೇಳುತ್ತದೆ. ದೊಡ್ಡವರು ಎರಡಕ್ಕೇ ನಿಲ್ಲಿಸುವುದು ಕ್ಷೇಮ, ಮುಂದೆ ಮೆಟ್ಟಿಲು ಹತ್ತುವುದಿದೆ.

ರಾಮದೇವರ ಬೆಟ್ಟ

ಈ ಬೆಟ್ಟದ ಹೆಸರು ಹೇಳಿದರೆ ಮನೆಯಲ್ಲಿ ಮೂರು ತಲೆಮಾರು ಮೂರು ಥರ ಮಾತಾಡುತ್ತದೆ. ಅಜ್ಜಿಗೆ ಅದು ಪಟ್ಟಾಭಿರಾಮನ ಗುಡಿ. ಅಪ್ಪನಿಗೆ ‘ಶೋಲೆ’. ಮಕ್ಕಳಿಗೆ, ಶಾಲೆಯಲ್ಲಿ ಪಾಠವಾಗಿದ್ದರೆ, ರಣಹದ್ದು. ಮೂರೂ ನಿಜವೇ.

ರಮೇಶ್ ಸಿಪ್ಪಿ ನಿರ್ದೇಶನದ ‘ಶೋಲೆ’ಯ ಚಿತ್ರೀಕರಣ 1973ರಲ್ಲಿ ಇಲ್ಲಿ ಶುರುವಾಗಿ, ಚಿತ್ರ 1975ರ ಆಗಸ್ಟ್ 15ರಂದು ತೆರೆಗೆ ಬಂತು. ಸಿನಿಮಾದ ರಾಮಗಢ ಹಳ್ಳಿಯನ್ನು ಸೆಟ್ ಹಾಕಿ ಕಟ್ಟಿದ್ದರು, ಕೆಲಸ ಮುಗಿದ ಮೇಲೆ ಬಿಚ್ಚಿದರು. ಆದ್ದರಿಂದ ಠಾಕೂರನ ಮನೆ ಎಲ್ಲಿ, ನೀರಿನ ಟ್ಯಾಂಕು ಎಲ್ಲಿ ಎಂದು ಹುಡುಕಿಕೊಂಡು ಹೋದರೆ ನಿರಾಸೆಯೇ. ಉಳಿದಿರುವುದು ಬಂಡೆಗಳು. ಗಬ್ಬರ್ ಸಿಂಗ್ ಬೆಲ್ಟು ಎಳೆದುಕೊಂಡು ಅಡ್ಡಾಡಿದ ಬಂಡೆ ಯಾವುದು ಎಂದು ತೋರಿಸಲು ಅಲ್ಲಿ ಯಾರಾದರೂ ಸಿಕ್ಕೇ ಸಿಗುತ್ತಾರೆ. ಇಬ್ಬರು ಸಿಕ್ಕರೆ ಎರಡು ಬೇರೆ ಬೇರೆ ಬಂಡೆ ತೋರಿಸಿಯಾರು. ಹೊರಡುವ ಹಿಂದಿನ ರಾತ್ರಿ ಸಿನಿಮಾದ ಅರ್ಧ ಗಂಟೆಯಷ್ಟನ್ನಾದರೂ ಮಕ್ಕಳಿಗೆ ತೋರಿಸಿ ಕರೆತನ್ನಿ. ಇಲ್ಲದಿದ್ದರೆ ಅಪ್ಪನ ಉತ್ಸಾಹ ಅವರಿಗೆ ಅರ್ಥವಾಗುವುದಿಲ್ಲ.

ಸಿನಿಮಾಗಿಂತ ದೊಡ್ಡ ಕತೆ ಆ ಕಲ್ಲಿನದು. ರಾಮನಗರದ ಬಂಡೆಗೆ ಭೂವಿಜ್ಞಾನದಲ್ಲಿ ಇವತ್ತಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಹೆಸರು. ಊರು ಹೆಸರು ಬದಲಿಸಿಕೊಂಡರೂ ಕಲ್ಲು ಬದಲಿಸಿಕೊಳ್ಳಲಿಲ್ಲ. ವಯಸ್ಸು ಸುಮಾರು 250 ಕೋಟಿ ವರ್ಷ. ಭೂಮಿಯ ಆಳದಲ್ಲಿ ಕರಗಿದ್ದ ಶಿಲಾರಸ ಮೇಲಕ್ಕೇರುತ್ತಾ ನೆಲದೊಳಗೇ ನಿಧಾನವಾಗಿ ತಣಿದು ಗಟ್ಟಿಯಾದದ್ದು. ಮೇಲಿನ ಮಣ್ಣು ಕಲ್ಲು ಕೋಟ್ಯಂತರ ವರ್ಷ ಸವೆದು ಹೋಗಿ ಈಗ ಹೊರಗೆ ಕಾಣುತ್ತಿದೆ. ಮೆಟ್ಟಿಲ ಪಕ್ಕದಲ್ಲಿ ಮಳೆಗೆ ತೊಳೆದು ಸ್ವಚ್ಛವಾದ ಬಂಡೆ ಸಿಕ್ಕರೆ ಮಗುವನ್ನು ಅದರ ಮುಂದೆ ಕೂರಿಸಿ. ಬೂದು ಮೈಯಲ್ಲಿ ನಸುಗೆಂಪು ಬಣ್ಣದ, ಉದ್ದುದ್ದ ಮೂಲೆಗಳ ಹರಳುಗಳು ಕಾಣುತ್ತವೆ. ಕೆಲವು ಬೆರಳಿನ ಗೆಣ್ಣಿನಷ್ಟು ದೊಡ್ಡವು. ಅದು ಫೆಲ್ಡ್‌ಸ್ಪಾರ್. ಅದರ ಸಂದಿಯಲ್ಲಿ ಗಾಜಿನ ಚೂರಿನಂತೆ ಹೊಳೆಯುವುದು ಬೆಣಚು, ಕಪ್ಪಗೆ ಪುಟ್ಟ ಹಾಳೆಗಳಂತಿರುವುದು ಅಭ್ರಕ. ಹರಳು ದೊಡ್ಡದಾದಷ್ಟೂ ಕಲ್ಲು ನಿಧಾನವಾಗಿ ತಣಿದಿದೆ ಎಂದರ್ಥ. ಪಾಠ ಇಷ್ಟೇ ಸಾಕು, ಐದು ನಿಮಿಷ. ಒಂದು ಭೂತಗನ್ನಡಿ ಜೊತೆಗಿದ್ದರೆ ಹದಿನೈದು ನಿಮಿಷ ಯಾರೂ ಏಳುವುದಿಲ್ಲ.

ಇನ್ನು ರಣಹದ್ದು. 2012ರಲ್ಲಿ ಇಲ್ಲಿನ 346 ಹೆಕ್ಟೇರಿನಷ್ಟು ಜಾಗವನ್ನು ರಣಹದ್ದುಗಳ ಧಾಮವೆಂದು ಘೋಷಿಸಿದರು. ದೇಶದಲ್ಲೇ ರಣಹದ್ದುಗಳಿಗೆಂದು ಮೀಸಲಾದ ಮೊದಲ ಧಾಮವಿದು. ಕಡಿದಾದ ಬಂಡೆಯ ಗೋಡೆಯಲ್ಲಿ, ಯಾರೂ ಹತ್ತಲಾಗದ ಚಾಚುಗಳ ಮೇಲೆ ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುತ್ತದೆ. ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ದನಗಳಿಗೆ ನೋವಿನ ಮದ್ದಾಗಿ ಕೊಡುತ್ತಿದ್ದ ಡೈಕ್ಲೋಫೆನಾಕ್, ಸತ್ತ ದನದ ಮಾಂಸದ ಮೂಲಕ ರಣಹದ್ದಿನ ಹೊಟ್ಟೆ ಸೇರಿ ಮೂತ್ರಪಿಂಡ ಕೆಡಿಸಿ ಕೊಂದಿತು. ಪಶುವೈದ್ಯದಲ್ಲಿ ಅದರ ಬಳಕೆಯನ್ನು 2006ರಲ್ಲಿ ನಿಷೇಧಿಸುವ ಹೊತ್ತಿಗೆ ದೇಶದ ರಣಹದ್ದುಗಳಲ್ಲಿ ಬಹುಪಾಲು ಹೋಗಿಯಾಗಿತ್ತು. ರಾಮನಗರದಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು.

ಹೀಗಾಗಿ ಮಕ್ಕಳಿಗೆ ‘ರಣಹದ್ದು ತೋರಿಸ್ತೀನಿ ಬಾ’ ಎಂದು ಮಾತು ಕೊಡಬೇಡಿ. ‘ರಣಹದ್ದಿನ ಮನೆ ತೋರಿಸ್ತೀನಿ’ ಎನ್ನಿ. ಬಂಡೆಗೋಡೆಯ ಮೇಲೆ ಬಿಳಿ ಬಳಿದಂತೆ ಇಳಿದಿರುವ ಹಿಕ್ಕೆಯ ಗುರುತು ಕಂಡರೆ ಹಕ್ಕಿ ಕೂರುವ ಜಾಗ ಅದು. ದುರ್ಬೀನು ಅಲ್ಲಿಗೆ ಹಿಡಿದು ಕಾಯಿರಿ. ಬಿಸಿಲು ಏರಿ ಬಂಡೆ ಕಾದು ಬಿಸಿಗಾಳಿ ಮೇಲೇಳತೊಡಗಿದಾಗ ದೊಡ್ಡ ಹಕ್ಕಿಗಳು ರೆಕ್ಕೆ ಬಡಿಯದೆ ಸುತ್ತು ಹಾಕುತ್ತವೆ. ಸುತ್ತುವುದೆಲ್ಲ ರಣಹದ್ದೇ ಎಂದುಕೊಳ್ಳಬೇಡಿ. ಬಾಲದ ತುದಿ ಕವಲೊಡೆದಿದ್ದರೆ ಮಾಮೂಲಿ ಹದ್ದು. ರಣಹದ್ದಿನ ಬಾಲ ಮೋಟು, ರೆಕ್ಕೆ ಬಾಗಿಲಿನಷ್ಟು ಅಗಲ. ಕಾಣದಿದ್ದರೂ ಬೇಸರವಿಲ್ಲ, ಪಿಕಳಾರಗಳಂಥ ಸಣ್ಣ ಹಕ್ಕಿಗಳಿಗೆ ಬರವಿಲ್ಲ.

ಕೆಲವು ನೂರು ಮೆಟ್ಟಿಲು ಹತ್ತಿದರೆ ಮೇಲೆ ಪಟ್ಟಾಭಿರಾಮನ ಗುಡಿ, ಕೊಳ. ಸ್ಥಳಪುರಾಣ ಸುಗ್ರೀವನ ಹೆಸರು ಹೇಳುತ್ತದೆ. ಮೆಟ್ಟಿಲುಗಳು ಚೆನ್ನಾಗಿವೆ, ಆರೇಳು ವರ್ಷದ ಮಕ್ಕಳು ದೊಡ್ಡವರಿಗಿಂತ ಮೊದಲೇ ತಲುಪುತ್ತಾರೆ. ಮಂಡಿ ನೋವಿನವರು ಗುಡಿಯವರೆಗೆ ಹೋಗಲೇಬೇಕೆಂಬ ಹಟ ಬಿಟ್ಟು ಕೆಳಗೆ ನೆರಳಿನಲ್ಲಿ ಕೂರುವುದು ಮೇಲು. ಗುಡಿಯಾಚೆಯ ನುಣುಪು ಬಂಡೆಯ ಮೇಲೆ ಮಕ್ಕಳನ್ನು ಬಿಡಬೇಡಿ. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ, ಬೇಸಿಗೆಯಲ್ಲಿ ಹೆಂಚಿನಂತೆ ಕಾಯುತ್ತದೆ. ಕೋತಿಗಳ ಕಾಟ ಇದ್ದದ್ದೇ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಸಾಕು, ಒಳಗೇನಿದೆ ಎಂದು ನೋಡುವ ಮೊದಲೇ ಕಿತ್ತುಕೊಳ್ಳುತ್ತವೆ. ತಿಂಡಿಯನ್ನು ಕಾರಿನಲ್ಲೇ ಬಿಟ್ಟು, ನೀರಿನ ಬಾಟಲಿಯನ್ನಷ್ಟೇ ಬೆನ್ನಚೀಲದೊಳಗೆ ಹಾಕಿಕೊಳ್ಳಿ.

ಅರಣ್ಯ ಇಲಾಖೆಯ ಗೇಟು ದಾಟಿ, ಪ್ರವೇಶ ಶುಲ್ಕ ಕೊಟ್ಟು ಹೋಗಬೇಕು. ಧಾಮವಾದ್ದರಿಂದ ಸ್ಪೀಕರ್ ಹಚ್ಚುವುದು, ಬಂಡೆ ಹತ್ತುವ ಸಾಹಸ, ಡ್ರೋನ್ ಯಾವುದೂ ಸಲ್ಲದು. ಈ ಸುತ್ತಿನ ಕಾಡಿನಲ್ಲಿ ಕರಡಿಗಳಿವೆ, ಸಂಜೆ ಅವು ಹೊರಬೀಳುವ ಹೊತ್ತು. ಗೇಟು ತೆರೆದ ಕೂಡಲೇ ಹೋಗಿ ಹತ್ತು ಹತ್ತೂವರೆಗೆ ಇಳಿದುಬಿಟ್ಟರೆ ಬಿಸಿಲಿನ ಚಿಂತೆಯೂ ಇಲ್ಲ, ಕರಡಿಯ ಚಿಂತೆಯೂ ಇಲ್ಲ.

ಗೂಡಿನ ಮಾರ್ಕೆಟ್ಟು

ಬೆಟ್ಟ ಇಳಿದು ಊರೊಳಗೆ ಬಂದರೆ ಸರ್ಕಾರಿ ರೇಷ್ಮೆ ಗೂಡಿನ ಮಾರುಕಟ್ಟೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಇದು ಪ್ರವಾಸಿ ತಾಣವಲ್ಲ, ವ್ಯಾಪಾರದ ಜಾಗ. ಟಿಕೆಟ್ ಇಲ್ಲ, ಗೈಡ್ ಇಲ್ಲ, ಕೂರಲು ಬೆಂಚಿಲ್ಲ. ಅದಕ್ಕೇ ನನಗೆ ಇಷ್ಟ. ಬಾಗಿಲಲ್ಲಿ ಒಂದು ಮಾತು ಕೇಳಿ, ಒಳಗೆ ಬಿಟ್ಟರೆ ಪಕ್ಕಕ್ಕೆ ನಿಂತು ನೋಡಬೇಕು. ಮಧ್ಯಾಹ್ನದೊಳಗೆ ಹೋದರೆ ಮಾತ್ರ ಜೀವ ಇರುತ್ತದೆ.

ಸಾಲು ಸಾಲು ಜಾಲರಿಗಳಲ್ಲಿ ಗೂಡು ಸುರಿದಿರುತ್ತಾರೆ. ಹಳದಿ ಗೂಡು ಮಿಶ್ರತಳಿ, ಬಿಳಿ ಗೂಡು ದ್ವಿತಳಿ. ನೂಲು ತೆಗೆಯುವ ರೀಲರು ಒಂದು ಹಿಡಿ ತೆಗೆದು ಬೆರಳಲ್ಲಿ ಒತ್ತಿ ಗಟ್ಟಿ ನೋಡುತ್ತಾನೆ, ಒಂದನ್ನು ಕಿವಿಯ ಬಳಿ ಕುಲುಕುತ್ತಾನೆ. ಒಳಗಿನ ಕೋಶ ಲೊಟಲೊಟ ಎಂದರೆ ಸರಿ. ಮೊದಲು ಕೂಗಿ ಹರಾಜು ಹಾಕುತ್ತಿದ್ದರು, ಈಗ ಮೊಬೈಲಿನಲ್ಲೇ ಬಿಡ್ಡು. ರೈತನ ಮುಖ ಮಾತ್ರ ಅಂದೂ ಇಂದೂ ದರದ ಹಲಗೆಯ ಕಡೆಗೇ.

ಮಕ್ಕಳಿಗೆ ಒಂದು ಗೂಡು ಕೈಗೆ ಸಿಕ್ಕರೆ ಸಾಕು. ನಾಲ್ಕು ವಾರದಷ್ಟು ಹೊತ್ತು ಹಿಪ್ಪುನೇರಳೆ ಸೊಪ್ಪು ತಿಂದು, ನಡುವೆ ನಾಲ್ಕು ಸಲ ‘ಜ್ವರ’ಕ್ಕೆ ಹೋಗಿ ಪೊರೆ ಕಳಚಿ, ‘ಹಣ್ಣಾಗಿ’ ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆ ಏರಿದ ಹುಳು ಎರಡು ಮೂರು ದಿನದಲ್ಲಿ ಕಟ್ಟಿದ ಮನೆ ಅದು. ಒಳ್ಳೆಯ ದ್ವಿತಳಿ ಗೂಡಿನ ಒಂದೇ ಎಳೆ ಬಿಚ್ಚಿದರೆ ಸುಮಾರು ಒಂದು ಕಿಲೋಮೀಟರು. ಆಮೇಲೆ ಬರುವ ಪ್ರಶ್ನೆಗೆ ತಯಾರಾಗಿರಿ: ‘ಒಳಗಿನ ಹುಳು ಏನಾಗುತ್ತೆ?’ ಚಿಟ್ಟೆಯಾಗಿ ಕೊರೆದು ಹೊರಬಂದರೆ ಎಳೆ ತುಂಡಾಗುತ್ತದೆ, ಅದಕ್ಕೆ ಗೂಡನ್ನು ಮೊದಲೇ ಬೇಯಿಸುತ್ತಾರೆ. ಸುತ್ತಿ ಬಳಸಿ ಹೇಳುವುದಕ್ಕಿಂತ ಇದ್ದದ್ದನ್ನು ಇದ್ದ ಹಾಗೆ ಹೇಳುವುದೇ ಒಳ್ಳೆಯದು. ವಾಸನೆ ತಡೆಯದವರು ಮಾತ್ರ ಈ ನಿಲ್ದಾಣವನ್ನೇ ಬಿಟ್ಟುಬಿಡಿ. ಗೂಡಿನ ಮಾರ್ಕೆಟ್ಟಿನ ವಾಸನೆ ಬಟ್ಟೆಗೆ ಅಂಟಿಕೊಂಡೇ ಬರುತ್ತದೆ.

ಜಾನಪದ ಲೋಕ

ರಾಮನಗರ ದಾಟಿ ಚನ್ನಪಟ್ಟಣದ ಕಡೆ ಹಳೇ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಜಾನಪದ ಲೋಕ. ಎಚ್.ಎಲ್. ನಾಗೇಗೌಡರು (1915-2005) ಐಎಎಸ್ ಅಧಿಕಾರಿಯಾಗಿದ್ದವರು. ಹಳ್ಳಿ ಹಳ್ಳಿ ತಿರುಗಿ ಹಾಡು, ಕತೆ, ಕುಣಿತ ದಾಖಲಿಸಿದರು, ಜನ ಅಟ್ಟಕ್ಕೆ ಎಸೆದಿದ್ದ ಸಾಮಾನುಗಳನ್ನು ಬೇಡಿ ತಂದು ಕೂಡಿಹಾಕಿದರು. ಕರ್ನಾಟಕ ಜಾನಪದ ಪರಿಷತ್ತಿನ ಮೂಲಕ ಹದಿನೈದು ಎಕರೆಯಲ್ಲಿ ಕಟ್ಟಿದ ಈ ಲೋಕ 1994ರಲ್ಲಿ ಬಾಗಿಲು ತೆರೆಯಿತು.

ಮ್ಯೂಸಿಯಂ ಎಂದರೆ ಮಕ್ಕಳು ಓಡುತ್ತಾರೆ, ನಿಜ. ಆದರೆ ಇಲ್ಲಿ ಮರಗಳ ನೆರಳಿದೆ, ಓಡಲು ಜಾಗವಿದೆ, ಕಟ್ಟಡಗಳು ಬಿಡಿಬಿಡಿಯಾಗಿವೆ. ಲೋಕಮಹಲ್, ಲೋಕಮಾತಾ ಮಂದಿರ, ದೊಡ್ಡಮನೆ, ಚಿತ್ರಕುಟೀರ, ಶಿಲ್ಪಮಾಳ, ಆಯಗಾರರ ಮಾಳ ಎಂದು ಒಂದರಿಂದ ಒಂದಕ್ಕೆ ನಡೆದುಕೊಂಡು ಹೋಗಬಹುದು. ಲೋಕಮಹಲ್‌ನಲ್ಲಿ ನಿಲ್ಲಬೇಕಾದದ್ದು ತೊಗಲುಗೊಂಬೆಗಳ ಎದುರು. ಚರ್ಮವನ್ನು ಹದ ಮಾಡಿ, ಪಾರದರ್ಶಕವಾಗುವಷ್ಟು ಹೆರೆದು, ಬಣ್ಣ ಹಚ್ಚಿ, ಒಡವೆಯ ಜಾಗದಲ್ಲೆಲ್ಲ ಸಣ್ಣ ಸಣ್ಣ ರಂಧ್ರ ಕೊರೆದಿರುತ್ತಾರೆ. ಹಿಂದಿನಿಂದ ಬೆಳಕು ಬಂದಾಗ ಆ ರಂಧ್ರಗಳೇ ಮುತ್ತು, ಮಣಿ. ಅದರ ಹತ್ತಿರವೇ ಸೋಮನ ಕುಣಿತದ ಮುಖವಾಡಗಳು: ಕೆಂಪು ಮುಖ, ಉರುಟು ಕಣ್ಣು, ಹೊರಚಾಚಿದ ಹಲ್ಲು. ಮೂರು ವರ್ಷದೊಳಗಿನ ಮಕ್ಕಳಿಗೆ ಸ್ವಲ್ಪ ಭಯವಾಗಬಹುದು, ಎತ್ತಿಕೊಂಡೇ ತೋರಿಸಿ.

ಅಜ್ಜಿಯರು ಇಲ್ಲಿ ಇದ್ದಕ್ಕಿದ್ದಂತೆ ಗೈಡ್ ಆಗಿಬಿಡುತ್ತಾರೆ. ಕೊಳಗ, ಬಳ್ಳ, ಸೇರು, ಪಾವು, ಚಟಾಕು ಒಂದರ ಪಕ್ಕ ಒಂದು ಕಂಡರೆ ಯಾವುದಕ್ಕೆ ಎಷ್ಟು ಪಾವು ಎಂಬ ಲೆಕ್ಕ ಶುರು. ಕೂರಿಗೆ, ಕುಂಟೆ, ಏತ, ಒನಕೆ, ಮಜ್ಜಿಗೆ ಕಡೆಯುವ ಕಂಬ, ರಾಗಿ ಬೀಸುವ ಕಲ್ಲು, ಎಲ್ಲಕ್ಕೂ ಒಂದು ಕತೆ ಹೊರಬರುತ್ತದೆ. ನೀವು ನಡುವೆ ಬಾಯಿ ಹಾಕದೆ ಮೊಮ್ಮಕ್ಕಳನ್ನು ಅವರ ಕೈಗೆ ಒಪ್ಪಿಸಿ ಒಂದು ಮರದಡಿ ಕೂತುಬಿಡಿ. ಸಿಟಿಯಲ್ಲಿ ಮೊಬೈಲು ಹೇಗೆ ಹಿಡಿಯಬೇಕೆಂದು ಮೊಮ್ಮಗನಿಂದ ಪಾಠ ಹೇಳಿಸಿಕೊಳ್ಳುವ ಅಜ್ಜಿಗೆ ಇದೊಂದು ದಿನ ತಿರುಗೇಟು.

ಒಂದು ತಕರಾರು ನನ್ನದಿದೆ. ಕೆಲವು ಕಡೆ ವಸ್ತುವಿನ ಹೆಸರು ಬರೆದಿದ್ದಾರೆಯೇ ಹೊರತು ಅದನ್ನು ಬಳಸುತ್ತಿದ್ದ ಬಗೆ ಬರೆದಿಲ್ಲ. ಹಳ್ಳಿ ಕಾಣದವರಿಗೆ ಅದು ಬರೀ ಮರದ ತುಂಡು. ಗೊತ್ತಿರುವ ಹಿರಿಯರು ಜೊತೆಗಿದ್ದರೆ ಎರಡು ಗಂಟೆ ಸಾಲದು, ಇಲ್ಲದಿದ್ದರೆ ಮುಕ್ಕಾಲು ಗಂಟೆಗೆ ಮುಗಿದುಹೋಗುತ್ತದೆ.

ಊಟಕ್ಕೆ ಪಕ್ಕದಲ್ಲೇ ಕಾಮತ್ ಲೋಕರುಚಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಮುದ್ದೆ ಸಿಗುತ್ತವೆ. ಶುಚಿಯಾದ ಶೌಚಾಲಯ ಎಲ್ಲಿದೆ ಎಂಬುದು ಮಕ್ಕಳೊಂದಿಗೆ ಹೊರಟವರ ಮೊದಲ ಪ್ರಶ್ನೆಯಾದ್ದರಿಂದ ಅದನ್ನೂ ಹೇಳಿಬಿಡುತ್ತೇನೆ: ಬೆಟ್ಟದಲ್ಲಿ ಅದನ್ನು ನೆಚ್ಚಬೇಡಿ, ಹೋಟೆಲಿನಲ್ಲೇ ಮುಗಿಸಿಕೊಳ್ಳಿ. ಭಾನುವಾರ ಒಂದು ಗಂಟೆಯ ಮೇಲೆ ಹೋದರೆ ಟೇಬಲಿಗೆ ಕಾಯಬೇಕಾಗುತ್ತದೆ, ಹನ್ನೆರಡೂವರೆಗೇ ಕೂತುಬಿಡಿ.

ಬೊಂಬೆಯೂರು

ಅಲ್ಲಿಂದ ಚನ್ನಪಟ್ಟಣದ ದಾರಿಯಲ್ಲಿ ಕೆಂಗಲ್. ಕೆಂಪು ಕಲ್ಲಿನ ಹನುಮಂತ. ವಿಧಾನಸೌಧ ಕಟ್ಟಿಸಿದ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರ ಹೆಸರಿನ ಮೊದಲರ್ಧ ಈ ಊರಿನದು. ಸಂಕ್ರಾಂತಿಯ ಆಸುಪಾಸಿನಲ್ಲಿ ಹೊರಟರೆ ಇಲ್ಲಿ ದನಗಳ ಜಾತ್ರೆ ಸಿಕ್ಕೀತು. ಕೊಂಬಿಗೆ ಕಳಸ ತೊಡಿಸಿದ ಹಳ್ಳಿಕಾರ್ ಎತ್ತುಗಳು ಸಾಲಾಗಿ ನಿಂತದ್ದನ್ನು ಸಿಟಿ ಮಕ್ಕಳು ಬೇರೆಲ್ಲೂ ಅಷ್ಟು ಹತ್ತಿರದಿಂದ ನೋಡಲಾರರು.

ಚನ್ನಪಟ್ಟಣದಲ್ಲಿ ಬೊಂಬೆ ಕೊಳ್ಳುವ ಮೊದಲು ಬೊಂಬೆ ಹುಟ್ಟುವುದನ್ನು ನೋಡಬೇಕು. ಹಳೇ ರಸ್ತೆಯ ಅಂಗಡಿಗಳಲ್ಲಿ ಕೆಲವದಕ್ಕೆ ಹಿಂದೆಯೇ ಲೇತ್ ಇರುತ್ತದೆ. ಇಲ್ಲದಿದ್ದರೆ ಊರೊಳಗಿನ ಕಲಾನಗರದ ಕಡೆಗೋ, ಪಕ್ಕದ ನೀಲಸಂದ್ರದ ಕಡೆಗೋ ಹೋದರೆ ಕೆಲಸ ನಡೆಯುವ ಮನೆಗಳಿವೆ. ‘ಮಕ್ಕಳಿಗೆ ಸ್ವಲ್ಪ ತೋರಿಸ್ತೀರಾಣ್ಣ’ ಎಂದು ಕೇಳಿದರೆ ಸಾಮಾನ್ಯವಾಗಿ ಯಾರೂ ಇಲ್ಲವೆನ್ನುವುದಿಲ್ಲ. ನೋಡಿ ಸುಮ್ಮನೆ ಹೊರಡುವುದು ಮಾತ್ರ ಸರಿಯಲ್ಲ, ಏನಾದರೊಂದು ಕೊಂಡುಕೊಳ್ಳಿ.

ಬಳಸುವುದು ಆಲೆಮರ. ಬೆಳ್ಳಗೆ, ದಂತದ ಬಣ್ಣ. ಮೆದು, ನಾರು ಸಣ್ಣ. ಕಡಿದು ಚೆನ್ನಾಗಿ ಒಣಗಿಸಿದ ತುಂಡನ್ನು ಲೇತ್‌ಗೆ ಸಿಕ್ಕಿಸಿ ಉಳಿ ಹಿಡಿದರೆ ಸುರುಳಿ ಸುರುಳಿಯಾಗಿ ಹೊಟ್ಟು ಹಾರುತ್ತದೆ. ಒಂದು ನಿಮಿಷದ ಹಿಂದೆ ಕಟ್ಟಿಗೆಯಾಗಿದ್ದದ್ದು ಬುಗುರಿಯ ಸೊಂಟವಾಗಿರುತ್ತದೆ. ಮಕ್ಕಳ ಬಾಯಿ ತೆರೆಯುವುದು ಆಮೇಲೆ, ಬಣ್ಣ ಹಾಕುವಾಗ. ಕುಂಚವಿಲ್ಲ, ಡಬ್ಬಿಯಿಲ್ಲ. ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರದ ಮೈಗೆ ಹತ್ತಿಕೊಳ್ಳುತ್ತದೆ. ಮೊದಲು ಮಂಕಾಗಿ ಗೀರುಗೀರಾಗಿ ಕಾಣುತ್ತದೆ. ತಾಳೆಗರಿಯ ತುಂಡನ್ನು ಮಡಿಸಿ ಅದೇ ಜಾಗಕ್ಕೆ ಒತ್ತಿ ಎಳೆದರೆ ಬಣ್ಣ ಸಮನಾಗಿ ಹರಡಿ ಕನ್ನಡಿಯ ಹೊಳಪು ಬರುತ್ತದೆ. ಅರಿಸಿನದಿಂದ ಹಳದಿ, ನೀಲಿಗಿಡದಿಂದ ನೀಲಿ, ಕಾಚಿನಿಂದ ಕಂದು.

ಟಿಪ್ಪು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದನೆಂಬುದು ಊರಿನವರು ಹೇಳುವ ಮೂಲಕತೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜಪಾನಿನ ವಿಧಾನಗಳನ್ನು ತಂದು ಈ ಕಸುಬಿಗೆ ಈಗಿನ ರೂಪ ಕೊಟ್ಟವರೆಂದು ಬಾವಾಸ್ ಮಿಯಾ ಅವರನ್ನು ನೆನೆಯುತ್ತಾರೆ. 2005ರ ಸುಮಾರಿಗೆ ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಬೈಪಾಸ್ ಬಂದ ಮೇಲೆ ರಸ್ತೆ ಬದಿಯ ಅಂಗಡಿಗಳಿಗೆ ಗಿರಾಕಿ ಕಡಿಮೆಯಾಗಿರುವುದೂ ಅಷ್ಟೇ ನಿಜ.

ಕೊಳ್ಳುವಾಗ ಕಣ್ಣು ತೆರೆದಿರಲಿ. ಅಂಗಡಿಯಲ್ಲಿ ತೂಗುಹಾಕಿರುವುದೆಲ್ಲ ಚನ್ನಪಟ್ಟಣದ್ದಲ್ಲ. ಪ್ಲಾಸ್ಟಿಕ್ಕಿನ ಬಂದೂಕು, ಹೊರಗಿನಿಂದ ಬಂದ ಬಣ್ಣ ಬಳಿದ ಮರದ ಸಾಮಾನು ಎಲ್ಲವೂ ಪಕ್ಕಪಕ್ಕದಲ್ಲೇ ಇರುತ್ತವೆ. ಲೇತ್‌ನಲ್ಲಿ ಅರಗು ಹಾಕಿದ ಬೊಂಬೆ ದುಂಡಗಿರುತ್ತದೆ, ಬಣ್ಣದ ಪಟ್ಟೆಗಳು ಸುತ್ತಲೂ ನೇರವಾಗಿ ಓಡುತ್ತವೆ, ಕುಂಚದ ಗುರುತು ಇರುವುದಿಲ್ಲ. ಮೂಗಿನ ಬಳಿ ಹಿಡಿದರೆ ಪೇಂಟಿನ ವಾಸನೆ ಬರಬಾರದು. ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಬಣ್ಣ ಬಿಡಬಾರದು. ಎಳೆಗೂಸಿಗಾದರೆ ಗಿಲಕಿ. ಸಣ್ಣ ಮಣಿ, ಸಣ್ಣ ಗಾಲಿ ಇರುವುದು ಬೇಡ, ಮೊದಲು ಬಾಯಿಗೇ ಹೋಗುವುದು. ನಡೆಯಲು ಕಲಿಯುವ ಮಗುವಿಗೆ ಮೂರು ಗಾಲಿಯ ತಳ್ಳುಗಾಡಿ. ದೊಡ್ಡ ಮಕ್ಕಳಿಗೆ ಬುಗುರಿ, ಗಾಡಿ, ಜೋಡಿಸುವ ಆಟಿಕೆ. ದರ ಕೇಳಿ ಅರ್ಧಕ್ಕೆ ಕೇಳುವ ಚಾಳಿ ಯಂತ್ರದ ಸಾಮಾನಿಗಿರಲಿ, ಕೈಯಲ್ಲಿ ಮಾಡಿದವನ ಎದುರಿಗೆ ಬೇಡ.

ಬಿಡುವಿದ್ದರೆ

ಚನ್ನಪಟ್ಟಣದಿಂದ ಮೈಸೂರು ಕಡೆ ಮೂರ್ನಾಲ್ಕು ಕಿ.ಮೀ. ಹೋದರೆ ದೊಡ್ಡಮಳೂರು. ಅಪ್ರಮೇಯ ಸ್ವಾಮಿ ದೇವಸ್ಥಾನದಲ್ಲಿ ಅಂಬೆಗಾಲಿಡುವ ನವನೀತ ಕೃಷ್ಣನ ಪುಟ್ಟ ವಿಗ್ರಹ ಇದೆ. ಪುರಂದರದಾಸರು ಈ ಕೃಷ್ಣನನ್ನು ಕಂಡು ಹಾಡಿದರೆಂಬ ಪ್ರತೀತಿ. ಮಕ್ಕಳಾಗಲೆಂದು ಹರಕೆ ಹೊತ್ತವರು ಒಪ್ಪಿಸಿದ ಪುಟಾಣಿ ತೊಟ್ಟಿಲುಗಳನ್ನು ಮಕ್ಕಳು ಬಲು ಕುತೂಹಲದಿಂದ ನೋಡುತ್ತವೆ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಸಂಜೆಯ ಹೊತ್ತಿಗೆ ಹೊಂದಿಸಿಕೊಳ್ಳಿ.

ಕಣ್ವ ಜಲಾಶಯ ಮಳೆ ಚೆನ್ನಾಗಿ ಆದ ವರ್ಷ ಚೆಂದ, ಉಳಿದಂತೆ ಅಷ್ಟಕ್ಕಷ್ಟೆ. ನೀರಿಗಿಳಿಯುವುದು ಎಲ್ಲೂ ಬೇಡ, ಅರ್ಕಾವತಿಯಲ್ಲಂತೂ ಖಂಡಿತ ಬೇಡ. ಬೆಂಗಳೂರಿನ ಕೊಳಕಿನಲ್ಲಿ ಅದಕ್ಕೂ ಪಾಲು ಸಂದಿದೆ. ಸಾವನದುರ್ಗ ಬೇರೆಯದೇ ಮಾತು. ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು, ಮೆಟ್ಟಿಲಿಲ್ಲ, ನೇರ ಬಂಡೆಯ ಮೇಲೇ ನಡೆಯಬೇಕು. ಹನ್ನೆರಡು ದಾಟದ ಮಕ್ಕಳನ್ನು ಹತ್ತಿಸಬೇಡಿ, ಕೆಳಗಿನ ದೇವಸ್ಥಾನ ನೋಡಿ ಬನ್ನಿ. ಬಿಡದಿಯ ವಂಡರ್‌ಲಾಗೆ ಇಡೀ ದಿನ ಬೇಕು, ಟಿಕೆಟ್ಟಿನ ದುಡ್ಡು ಅರ್ಧ ದಿನಕ್ಕೆ ಗಿಟ್ಟುವುದಿಲ್ಲ. ಅಲ್ಲಿ ಆಟಗಳಿಗೆ ಎತ್ತರದ ಮಿತಿ ಇದೆ, ಹೊರಡುವ ಮೊದಲು ಮನೆಯ ಗೋಡೆಗೆ ಮಗುವನ್ನು ನಿಲ್ಲಿಸಿ ಅಳೆದುಕೊಂಡರೆ ಗೇಟಿನಲ್ಲಿ ಅಳು ತಪ್ಪುತ್ತದೆ.

ಕಾಲದ ಮಾತು ಹೇಳುವುದಾದರೆ ಮಳೆ ನಿಂತ ಅಕ್ಟೋಬರಿನಿಂದ ಜನವರಿಯವರೆಗೆ ಉತ್ತಮ. ಬೆಟ್ಟದ ಸುತ್ತ ಹಸಿರಿರುತ್ತದೆ, ಬಿಸಿಲು ಹಿತ. ಏಪ್ರಿಲ್, ಮೇ ತಿಂಗಳಲ್ಲಿ ಬಂಡೆ ಕಾದು ಬೆಟ್ಟ ಕಷ್ಟ, ಆದರೆ ಮಾವಿನ ಕಾಲ. ರಾಮನಗರ ಸೀಮೆಯ ಮಾವು ರಾಜ್ಯದ ಮಾರುಕಟ್ಟೆಗೆ ಎಲ್ಲರಿಗಿಂತ ಮೊದಲು ಬರುವ ಮಾವುಗಳಲ್ಲೊಂದು. ಬಾದಾಮಿ, ರಸಪುರಿ, ಸೇಂದೂರ ಹಳೇ ರಸ್ತೆಯ ಬದಿಯಲ್ಲಿ ರಾಶಿ ರಾಶಿ. ಮೂಸಿ ನೋಡಿ, ತೊಟ್ಟಿನ ಬಳಿ ಪರಿಮಳ ಬಂದರೆ ಮಾತ್ರ ಕೊಳ್ಳಿ.

ಸೋಮವಾರ ರಜೆ ಸಿಕ್ಕರೆ ಭಾನುವಾರ ಬಿಟ್ಟು ಸೋಮವಾರವೇ ಹೋಗಿ, ಎಲ್ಲ ಕಡೆ ಜನ ಕಡಿಮೆ. ಭಾನುವಾರವೇ ಗತಿಯಾದರೆ ಸಂಜೆ ನಾಲ್ಕೂವರೆಗೆಲ್ಲ ಚನ್ನಪಟ್ಟಣ ಬಿಡಿ, ಕೆಂಗೇರಿಯ ಹತ್ತಿರ ಮೈಸೂರಿನಿಂದ ಬರುವವರೆಲ್ಲ ಸೇರಿಕೊಂಡರೆ ಉಳಿದ ದಾರಿ ಗಂಟೆಗಟ್ಟಲೆ ಹಿಡಿಯುತ್ತದೆ. ಮಂಗಳವಾರ ಮಾತ್ರ ಹೊರಡಬೇಡಿ, ಅಂದು ಜಾನಪದ ಲೋಕಕ್ಕೆ ರಜೆ.